ದಂಟಿನ ಮೇಲಿನ ಕಂದು ಚುಕ್ಕೆ

ಸೊಪ್ಪು ಹೆಚ್ಚುವುದೂ ಒಂದು ಉದ್ಯೋಗ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಬಾಳೂರಿನ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದವನು ನಾನು. ಆಳುಗಳ ಹಾಜರಿ, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ತೂಕ, ಗೊಬ್ಬರದ ದಾಸ್ತಾನು, ಇಷ್ಟರಲ್ಲೇ ದಿನ ಕಳೆಯುತ್ತಿತ್ತು. ಎರಡು ಸಾವಿರದ ಇಸವಿಯ ಆಚೀಚೆ ಕಾಫಿ ಬೆಲೆ ನೆಲ ಕಚ್ಚಿತಲ್ಲ, ಆಗ ನಮ್ಮ ಸಾಹುಕಾರರು ಅರ್ಧ ಖಾಲಿ ಬಿದ್ದಿದ್ದ ಗೋದಾಮಿನ ಒಂದು ಮೂಲೆಗೆ ಥರ್ಮಾಕೋಲ್ ಹೊಡೆಸಿ, ಯಂತ್ರ ಕೂರಿಸಿ, ತಣ್ಣನೆಯ ಕೋಣೆಯೊಂದನ್ನು ಮಾಡಿಸಿದರು. ಗೋದಾಮಿನ ಹಿಂದಿನ ದಿಬ್ಬದಲ್ಲಿ ಪ್ಲಾಸ್ಟಿಕ್ ಮಾಡಿನಡಿ ಲೆಟ್ಯೂಸ್ ಎಂಬ ಸಲಾಡಿನ ಸೊಪ್ಪು ಎದ್ದಿತು. ಅದನ್ನು ಹೆಚ್ಚಿ, ತೊಳೆದು, ಚೀಲಕ್ಕೆ ತುಂಬಿ, ವಾರಕ್ಕೆ ಮೂರು ಸಲ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿನ ಒಂದು ದೊಡ್ಡ ಹೋಟೆಲಿಗೆ ಕಳಿಸಬೇಕು. ಅಲ್ಲಿಯವರು ಚೀಲ ಹರಿದು ತಟ್ಟೆಗೆ ಸುರಿದರೆ ಸಾಕು, ಹಾಗಿರಬೇಕು. ಅದರ ಮೇಲ್ವಿಚಾರಣೆ ನನ್ನ ಕುತ್ತಿಗೆಗೆ ಬಿತ್ತು.

ಬೇಡ ಎನ್ನಲಿಲ್ಲ. ಬೇಕು ಎಂದೂ ಅನ್ನಿಸಲಿಲ್ಲ. ಹಿಂದಿನ ವರ್ಷ ಕೊಯ್ಲು ಮುಗಿದ ಮೇಲೆ, ಇನ್ನು ಕೆಲಸವಿಲ್ಲದವರ ಪಟ್ಟಿಯನ್ನು ಕಣದಲ್ಲಿ ನಿಂತು ಓದಿದವನೂ ನಾನೇ. ಮೊದಲ ನಾಲ್ಕೈದು ಹೆಸರಿಗೆ ತಲೆಯೆತ್ತಿ ಆ ಮುಖ ಹುಡುಕಿದ್ದೆ. ಆಮೇಲಿನವು ಹಾಗೇ ಹೊರಬಿದ್ದವು, ಗೊಬ್ಬರದ ಚೀಲ ಎಣಿಸಿದ ಹಾಗೆ. ಊರಿನವರು ನನ್ನನ್ನು ಮಾತುಗಾರ ಎನ್ನುತ್ತಿದ್ದರು. ಅಜ್ಜಿಯ ಪಕ್ಕದಲ್ಲಿ ಮಲಗಿ ಕತೆ ಕೇಳಿ ಬೆಳೆದವನು, ನಾಲ್ಕು ಜನ ಸೇರಿದಲ್ಲಿ ಬಾಯಿ ಸುಮ್ಮನಿರುತ್ತಿರಲಿಲ್ಲ. ಆ ಪಟ್ಟಿ ಓದಿದ ಮೇಲೆ ಒಳಗೆ ಏನೋ ಮರಗಟ್ಟಿದ ಹಾಗಾಗಿತ್ತು. ಹೇಳಿದ್ದನ್ನು ಮಾಡುತ್ತಿದ್ದೆ, ಅಷ್ಟೇ.

ಹೆಚ್ಚುವ ಮೇಜಿಗೆ ಎಂಟು ಜನ ಹೆಂಗಸರು. ಅವರಲ್ಲಿ ಹಿರಿಯವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಗಂಡ ತೀರಿಹೋಗಿ ಎಸ್ಟೇಟಿನ ಆಳುಗಳ ಲೈನುಮನೆಯ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದವಳು. ಮೊದಲ ದಿನ ಲೆಟ್ಯೂಸಿನ ಒಂದು ಉಂಡೆಯನ್ನು ಅಂಗೈಯಲ್ಲಿ ತೂಗಿ ನೋಡಿ, "ಇದೆಂಥ ಕೋಸು ರೈಟ್ರೇ? ಹಿಂಡಿದ್ರೆ ಬರೀ ನೀರು" ಎಂದಿದ್ದಳು. ಅಂದಿನಿಂದ ನಮ್ಮ ಶೆಡ್ಡಿನಲ್ಲಿ ಅದರ ಹೆಸರು ನೀರುಕೋಸು.

ಮೊದಲ ಪೆಟ್ಟು ಮೆಟ್ಟುಗತ್ತಿಯಿಂದ ಬಂತು. ನಮ್ಮ ಹೆಂಗಸರಿಗೆ ಚಾಕು ಹಿಡಿದು ಅಭ್ಯಾಸವಿಲ್ಲ. ಮಣೆ ಮೆಟ್ಟಿ ಕೂತು, ಅದರಲ್ಲಿ ನೆಟ್ಟ ಕಬ್ಬಿಣದ ಅಲಗಿಗೆ ತರಕಾರಿಯನ್ನೇ ಒತ್ತಿ ಹೆಚ್ಚುವವರು. ವೇಗ ನೋಡಬೇಕಿತ್ತು, ಕಣ್ಣಿಗೆ ಕಾಣದ ಹಾಗೆ ಸೊಪ್ಪು ಎಳೆಯೆಳೆಯಾಗಿ ಬೀಳುತ್ತಿತ್ತು. ಮೂರನೆಯ ದಿನ ಹೋಟೆಲಿನ ಶೆಫ್ ಫೋನ್ ಮಾಡಿದರು.

"ಎಂತ ಮಾರಾಯ್ರೆ ಇದು? ಅಂಚೆಲ್ಲ ತುಕ್ಕು ಹಿಡಿದ ಹಾಗೆ ಉಂಟಲ್ಲ! ಇದನ್ನು ಗೆಸ್ಟಿಗೆ ಕೊಟ್ರೆ ನನ್ನ ಕೆಲಸ ಹೋಗ್ತದೆ."

ಲೆಟ್ಯೂಸಿನ ದಂಟು ಕೊಯ್ದರೆ ಬಿಳಿ ಹಾಲು ಬರುತ್ತದೆ. ಅದು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಜೊತೆಗೆ ಅಲಗು ಮೊಂಡಾದರೆ ಸೊಪ್ಪು ತುಂಡಾಗುವ ಬದಲು ಜಜ್ಜಿಹೋಗುತ್ತದೆ. ಜಜ್ಜಿದ್ದು ಆ ಕ್ಷಣಕ್ಕೆ ಕಾಣುವುದಿಲ್ಲ, ಎರಡು ದಿನ ಬಿಟ್ಟು ಕಂದಾಗಿ ಕಾಣಿಸಿಕೊಳ್ಳುತ್ತದೆ. ಸಾಹುಕಾರರು ತುಕ್ಕು ಹಿಡಿಯದ ಉಕ್ಕಿನ ಚಾಕುಗಳನ್ನು ತರಿಸಿದರು. ಹೆಂಗಸರು ನಿಂತು ಹೆಚ್ಚುವುದನ್ನು ಕಲಿಯಬೇಕಾಯಿತು. ಏಳು ಜನ ವಾರದಲ್ಲಿ ಕಲಿತರು. ಅಕ್ಕನಿಗೆ ಇಪ್ಪತ್ತು ದಿನ ಹಿಡಿಯಿತು.

"ಈ ಚಾಕೂಗೆ ಬೆನ್ನೇ ಇಲ್ಲ. ನಾನು ತಳ್ಳಿದ್ರೆ ಇದೂ ಹಿಂದೆ ಹೋಗುತ್ತೆ" ಎಂದು ಗೊಣಗುತ್ತಿದ್ದಳು. ಆದರೆ ಕಲಿತ ಮೇಲೆ ಅವಳ ಕೈಯೇ ಕೈ. ಚಾಕು ಮಸೆಯಲು ಹಳ್ಳದಿಂದ ಒಂದು ನುಣುಪು ಕಲ್ಲು ತಂದಿಟ್ಟುಕೊಂಡಿದ್ದಳು. ಅರ್ಧ ಗಂಟೆಗೊಮ್ಮೆ ಎಂಟೂ ಚಾಕು ಅವಳ ಕೈಗೆ ಹೋಗಿ ಬರುತ್ತಿದ್ದವು. ಮೆಟ್ಟುಗತ್ತಿಯನ್ನು ಮಾತ್ರ ಮನೆಗೆ ಒಯ್ಯಲಿಲ್ಲ. ಹೊರಗಿನ ಒರಟು ಎಲೆ, ಬೇರಿನ ಬುಡ, ಹೀಗೆ ಬಿಸಾಡುವುದನ್ನೆಲ್ಲ ಅದರಲ್ಲಿ ಸಣ್ಣಗೆ ಹೆಚ್ಚಿ ಬಂಗಲೆಯ ದನಗಳಿಗೆ ಹಾಕುತ್ತಿದ್ದಳು. ಅದನ್ನು ನಾನು ದಿನಾ ನೋಡುತ್ತಿದ್ದೆ.

ಉಳಿದ ಕ್ರಮವೂ ಒಂದೊಂದಾಗಿ ಪೆಟ್ಟು ತಿಂದೇ ಕೂಡಿಬಂತು. ಬಿಸಿಲೇರುವ ಮೊದಲು ಉಂಡೆ ಕಿತ್ತು ತಣ್ಣನೆಯ ಕೋಣೆಯಲ್ಲಿ ಒಂದೆರಡು ದಿನ ಇಡುವುದು. ಬೆಚ್ಚಗಿರುವಾಗಲೇ ಹೆಚ್ಚಿದರೆ ಬೇಗ ಬಾಡುತ್ತದೆ. ಹೆಚ್ಚಿದ ಕೂಡಲೇ ಮಂಜುಗಡ್ಡೆ ಹಾಕಿದ ನೀರಿನಲ್ಲಿ ತೊಳೆಯುವುದು, ಹಾಲು ಪೂರ್ತಿ ಹೋಗಬೇಕು. ಮಿತವಾಗಿ ಕ್ಲೋರಿನ್ ಬೆರೆಸಿದ ಇನ್ನೊಂದು ನೀರು. ಆಮೇಲೆ ನೀರು ಹಿಂಡಬೇಕು. ಅದಕ್ಕೆ ಮೂಡಿಗೆರೆಯಿಂದ ಹಳೆಯ ಬಟ್ಟೆ ಒಗೆಯುವ ಯಂತ್ರವೊಂದನ್ನು ತಂದು, ಅದರ ಒಣಗಿಸುವ ತೊಟ್ಟಿಗೆ ತೆಳುವಾದ ಮಲ್ ಬಟ್ಟೆಯ ಚೀಲ ಹೊಲಿಸಿದೆವು. ಸ್ವಲ್ಪ ಕಡಿಮೆ ತಿರುಗಿಸಿದರೆ ಚೀಲದ ತಳದಲ್ಲಿ ನೀರು ನಿಂತು ಲೋಳೆಯಾಗುತ್ತದೆ. ಹೆಚ್ಚು ತಿರುಗಿಸಿದರೆ ಎಲೆ ನಜ್ಜಾಗುತ್ತದೆ. ಅಕ್ಕ ಗಡಿಯಾರ ನೋಡುತ್ತಿರಲಿಲ್ಲ. ತೊಟ್ಟಿಯ ಸದ್ದು ಕೇಳಿ "ಸಾಕು, ನಿಲ್ಸಿ" ಎನ್ನುತ್ತಿದ್ದಳು. ಮೊದಮೊದಲು ಚೀಲವನ್ನು ಬಿಗಿಯಾಗಿ ಸೀಲ್ ಮಾಡುತ್ತಿದ್ದೆವು, ತೆರೆದರೆ ಹುಳಿ ವಾಸನೆ. ಆಮೇಲೆ ಸೂಜಿಯಿಂದ ನಾಲ್ಕು ತೂತು. ಕೋಣೆ ನಾಲ್ಕು ಡಿಗ್ರಿಯಲ್ಲಿರಬೇಕು. ಪ್ರತಿ ಸಲ ಒಂದು ಚೀಲವನ್ನು ಕಳಿಸದೆ ಉಳಿಸಿಕೊಂಡು ಐದನೆಯ ದಿನ ತೆರೆದು ನೋಡುವುದು ನನ್ನ ಕೆಲಸ. ಮೇ ತಿಂಗಳಿನ ಹೊತ್ತಿಗೆ ಐದನೆಯ ದಿನದ ಸೊಪ್ಪು ಗರಿಗರಿಯಾಗಿಯೇ ಇತ್ತು. ಶೆಫ್ ಫೋನ್ ಮಾಡುವುದನ್ನೇ ಬಿಟ್ಟರು. ಎಲ್ಲ ಸರಿ ಇದೆ ಎಂದು ಅದರರ್ಥ. ಉಳಿಸಿಕೊಂಡ ಚೀಲವನ್ನು ಗಮನವಿಟ್ಟು ನೋಡುವುದನ್ನು ನಾನೂ ಬಿಟ್ಟೆ.

ಆಗಸ್ಟಿನಲ್ಲಿ ಮತ್ತೆ ಫೋನ್ ಬಂತು. "ಚುಕ್ಕೆ ಮಾರಾಯ್ರೆ, ಚುಕ್ಕೆ! ಕಂದು ಕಂದು. ಮೂರು ಸಲ ಸುಮ್ಮನಿದ್ದೆ. ಇನ್ನು ಎರಡು ವಾರ ನೋಡ್ತೇನೆ, ಆಮೇಲೆ ಬೇರೆ ಕಡೆಯಿಂದ ತರಿಸ್ತೇನೆ. ಬೇಜಾರು ಮಾಡ್ಬೇಡಿ."

ಸಾಹುಕಾರರು ಅದೇ ದಿನ ಶೆಡ್ಡಿಗೆ ಬಂದರು. ಕೆಟ್ಟವರಲ್ಲ ಅವರು, ಆದರೆ ಆ ಎರಡು ವರ್ಷಗಳಲ್ಲಿ ಅವರ ಮುಖ ಬಿಗಿದುಹೋಗಿತ್ತು. ಒಂದು ಚೀಲ ಹರಿದು ಮೇಜಿನ ಮೇಲೆ ಸುರಿದರು. ಕಂದು ಬಣ್ಣ ಇತ್ತು, ನಿಜ. ಅವರ ಕಣ್ಣು ಮೇಜಿನ ಕೆಳಗೆ ಹೋಯಿತು. ಅಕ್ಕನ ಮೆಟ್ಟುಗತ್ತಿ ಅಲ್ಲಿತ್ತು, ಅಲಗಿನ ಮೇಲೆ ಸೊಪ್ಪಿನ ಹಾಲು ಇನ್ನೂ ಒಣಗಿರಲಿಲ್ಲ.

"ಇದಿನ್ನೂ ಇಲ್ಲೇ ಇದೆಯಲ್ರೀ!"

"ಅದು ದನಕ್ಕೆ ಅಯ್ಯಾ" ಎಂದಳು ಅಕ್ಕ. "ಒಳ್ಳೇ ಸೊಪ್ಪಿಗೆ ನಾನದನ್ನ ಮುಟ್ಸಲ್ಲ. ರೈಟ್ರನ್ನೇ ಕೇಳಿ."

ಸಾಹುಕಾರರು ನನ್ನ ಮುಖ ನೋಡಿದರು. ಏಳು ಜನ ಹೆಂಗಸರೂ ನೋಡಿದರು. ಅವಳು ಹೇಳುವುದು ನಿಜ ಎನ್ನಲು ನನಗೆ ಎರಡು ಮಾತು ಸಾಕಿತ್ತು. ಆಡಲಿಲ್ಲ. ಯಾಕೆ ಎಂದು ಈಗ ಕೇಳಿದರೆ ಹೆದರಿಕೆ ಎನ್ನಬಹುದು, ಆದರೆ ಹೆದರಿಕೆಯೂ ಇರಲಿಲ್ಲ. ಯಾರೋ ಒಬ್ಬರ ಹೆಸರು ಬೇಕಾಗಿದೆ, ಒಂದು ಹೆಸರು ಬಂದಿದೆ, ಇನ್ನು ಮುಗಿಯುತ್ತದೆ, ಅಷ್ಟೇ ತಲೆಯಲ್ಲಿದ್ದದ್ದು.

"ಮೇಜಿಂದ ತೆಗೀರಿ. ಕಳೆ ಕೆಲಸಕ್ಕೆ ಹಾಕಿ" ಎಂದು ಸಾಹುಕಾರರು ಹೊರಟುಹೋದರು.

"ಅಕ್ಕ, ನಾಳೆಯಿಂದ ನೀನು ಮೇಜಿಗೆ ಬರೋದು ಬೇಡ. ತೋಟದ ಮೇಸ್ತ್ರಿ ಹತ್ರ ಹೋಗು" ಎಂದೆ. ಕಣದಲ್ಲಿ ಓದಿದ ದನಿಯಲ್ಲೇ ಹೇಳಿದ್ದಿರಬೇಕು.

ಅವಳು ಏಪ್ರನ್ ಬಿಚ್ಚಿ ಮಡಚಿಟ್ಟಳು. "ಸುಳ್ಳಿ ಅನ್ನಿಸ್ಕೊಂಡು ಇದೇ ತೋಟದಲ್ಲಿ ಕಳೆ ತೆಗೀಲಾ ರೈಟ್ರೇ? ಅದೊಂದು ಆಗಲ್ಲ ನನ್ ಕೈಲಿ." ಎರಡು ದಿನದಲ್ಲಿ ಲೈನಿನ ಕೋಣೆ ಖಾಲಿ ಮಾಡಿ, ಕೊಟ್ಟಿಗೆಹಾರದಲ್ಲಿದ್ದ ತಂಗಿಯ ಮನೆಗೆ ಹೋದಳೆಂದು ಮೇಸ್ತ್ರಿ ಹೇಳಿದ. ಹಾಜರಿ ಪುಸ್ತಕದಲ್ಲಿ ಅವಳ ಸಾಲಿಗೆ ಗೆರೆ ಎಳೆದೆ. ಆ ದಿನ ಊಟವನ್ನೂ ಮಾಡಿದೆ, ನಿದ್ದೆಯನ್ನೂ ಮಾಡಿದೆ.

ಅವಳು ಹೋದ ಮೇಲೆ ಕಳಿಸಿದ ಮೊದಲ ಸರಕಿನಲ್ಲೂ ಚುಕ್ಕೆ ಬಂತು. ಎರಡನೆಯದರಲ್ಲೂ ಬಂತು.

ಆಗ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಉಳಿಸಿಕೊಂಡಿದ್ದ ಚೀಲವನ್ನು ಕಿಟಕಿಯ ಬಳಿ ಒಯ್ದು, ಒಂದೊಂದು ತುಂಡನ್ನೂ ಬೆಳಕಿಗೆ ಹಿಡಿದೆ. ಕೊಯ್ದ ಅಂಚು ಬೆಳ್ಳಗೆ, ಶುದ್ಧವಾಗಿತ್ತು. ಚುಕ್ಕೆ ಇದ್ದದ್ದು ಎಲೆಯ ನಡುದಂಟಿನ ಮೇಲೆ, ಎಳ್ಳು ಚೆಲ್ಲಿದ ಹಾಗೆ. ಚಾಕುವಿನ ತಪ್ಪಾಗಿದ್ದರೆ ಚಾಕು ತಾಗಿದಲ್ಲಿ ತಾನೆ ಕಾಣಬೇಕು? ತಣ್ಣನೆಯ ಕೋಣೆಗೆ ಹೋಗಿ, ಯಾರ ಕತ್ತಿಯೂ ಇನ್ನೂ ಮುಟ್ಟದ ಇಡೀ ಉಂಡೆಯೊಂದನ್ನು ಕೈಯಿಂದಲೇ ಸೀಳಿದೆ. ಒಳಗಿನ ಎಲೆಗಳ ದಂಟಿನ ಮೇಲೆ ಅದೇ ಎಳ್ಳು.

ಅಂದರೆ ಹೆಚ್ಚುವ ಮೊದಲೇ, ಇಟ್ಟಲ್ಲೇ, ಸೊಪ್ಪು ಕೆಡುತ್ತಿತ್ತು. ಆ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿತ್ತು.

ಉಷ್ಣಮಾಪಕ ನೋಡಿದೆ, ನಾಲ್ಕು. ಹಿಂದಿನ ತಿಂಗಳ ಪುಸ್ತಕ ತೆಗೆದೆ, ದಿನಾ ನಾಲ್ಕು, ಒಮ್ಮೊಮ್ಮೆ ಐದು. ಮೇ ತಿಂಗಳಿಗೂ ಆಗಸ್ಟಿಗೂ ಏನು ಬದಲಾಗಿದೆ? ನೀರು ಅದೇ, ಬೀಜ ಅದೇ. ಬಾಗಿಲಲ್ಲಿ ನಿಂತು ಯೋಚಿಸುತ್ತಿದ್ದಾಗ ಸಾಹುಕಾರರ ತಾಯಿ, ನಮ್ಮೆಲ್ಲರ ದೊಡ್ಡಮ್ಮನವರು, ಆಳಿನ ತಲೆಯ ಮೇಲೆ ಬುಟ್ಟಿ ಹೊರಿಸಿಕೊಂಡು ಬಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಮನೆಯಿಂದ ಯಾರ ಕೈಯೂ, ಯಾವ ಗಾಡಿಯೂ ಬರಿದಾಗಿ ಹೊರಡುವಂತಿರಲಿಲ್ಲ. ಕಾಫಿ ಗಿಡಗಳ ನಡುವೆ ಬೆಣ್ಣೆಹಣ್ಣಿನ ಮರಗಳಿದ್ದವು. ಮಳೆಗಾಲದಲ್ಲಿ ಅವು ಒಟ್ಟಿಗೇ ಬಲಿಯುತ್ತಿದ್ದವು. ಪ್ರತಿ ಸಲ ಜೀಪು ಮಂಗಳೂರಿಗೆ ಹೊರಟಾಗ ಶೆಫ್‌ರ ಮನೆಗೆಂದು ಒಂದು ಬುಟ್ಟಿ ಬೆಣ್ಣೆಹಣ್ಣು. ಹಣ್ಣು ಮೆತ್ತಗಾಗದಿರಲಿ ಎಂದು ದೊಡ್ಡಮ್ಮನವರು ಅದನ್ನು ಎರಡು ಮೂರು ದಿನ ಮೊದಲೇ ಕಳಿಸುತ್ತಿದ್ದರು. ತಣ್ಣನೆಯ ಕೋಣೆಯ ಕೆಳಗಿನ ಹಲಗೆಯ ಮೇಲೆ, ಉಂಡೆಗಳ ಕ್ರೇಟಿನ ಪಕ್ಕದಲ್ಲಿ, ಅದನ್ನು ಎರಡೂ ಕೈಯಲ್ಲಿ ಹಿಡಿದು ಮರ್ಯಾದೆಯಿಂದ ಇಡುತ್ತಿದ್ದವನು ನಾನು.

"ಈ ಸಲದ್ದು ಮೇಲಿನ ಹಲಗೇಲಿಡಿ ರೈಟ್ರೇ" ಎಂದರು ದೊಡ್ಡಮ್ಮನವರು. "ನಾಲ್ಕು ಆಗ್ಲೇ ಹಣ್ಣಾಗಿವೆ. ಒಂದು ಹಣ್ಣಾದ್ರೆ ಸಾಕಲ್ಲ, ಪಕ್ಕದ್ದಕ್ಕೆಲ್ಲ ಕಾವು ಕೊಡುತ್ತೆ."

ಬುಟ್ಟಿ ಹಿಡಿದು ಹಾಗೇ ನಿಂತೆ.

ಈ ಸೀಮೆಯಲ್ಲಿ ಇದನ್ನು ತಿಳಿಯದವರು ಯಾರಿದ್ದಾರೆ? ನಮ್ಮಜ್ಜಿ ಬಾಳೆಗೊನೆಯನ್ನು ಭತ್ತದ ಕಣಜದಲ್ಲಿ ಹೂಳುವಾಗ ಜೊತೆಗೆ ಒಂದು ಮಾಗಿದ ಹಣ್ಣನ್ನು ಇಡುತ್ತಿದ್ದಳು. ಉಳಿದವನ್ನು ಅದು ಎಬ್ಬಿಸುತ್ತದೆ ಎನ್ನುತ್ತಿದ್ದಳು. ಹಣ್ಣಾಗುವ ಹಣ್ಣು ಏನೋ ಒಂದನ್ನು ಗಾಳಿಗೆ ಬಿಡುತ್ತದೆ. ಅದು ಕಾಯಿಯನ್ನು ಹಣ್ಣು ಮಾಡುತ್ತದೆ. ಸೊಪ್ಪಿಗೆ ಹಣ್ಣಾಗುವ ದಾರಿಯಿಲ್ಲ, ಅದು ಮುಪ್ಪಾಗುತ್ತದೆ. ಅಜ್ಜಿಯ ಕಣಜ ಗೊತ್ತಿದ್ದ ನಾನು, ಎಂಟು ಜನರ ಚಾಕುಗಳನ್ನೆಲ್ಲ ಪರೀಕ್ಷಿಸಿದ ನಾನು, ಬಾಗಿಲು ಮುಚ್ಚಿದ ಆ ಕೋಣೆಯೂ ಒಂದು ಕಣಜವೇ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಆದರೂ ಊಹೆಯ ಮೇಲೆ ಬಾಯಿ ಬಿಡಲು ಧೈರ್ಯ ಬರಲಿಲ್ಲ. ಒಂದೇ ಪಾತಿಯಿಂದ ಹನ್ನೆರಡು ಉಂಡೆ ಕಿತ್ತೆ. ಆರನ್ನು ಬುಟ್ಟಿಯ ಪಕ್ಕ ಇಟ್ಟೆ. ಆರನ್ನು ಬಂಗಲೆಯ ಅಡಿಗೆಯವರನ್ನು ಕೇಳಿಕೊಂಡು, ಹಣ್ಣೆಲ್ಲ ಹೊರಗೆ ತೆಗೆಸಿ, ಅಲ್ಲಿನ ಫ್ರಿಜ್ಜಿನಲ್ಲಿ ಇಟ್ಟೆ. "ನಿಮ್ ಕೋಸಿಗೆ ನಮ್ ಮೊಸರು ಹೊರಗೆ ಹೋಗ್ಬೇಕಾ?" ಎಂದು ಅಡಿಗೆಯವರು ಮೂರು ದಿನವೂ ಬೈದರು. ನಾಲ್ಕನೆಯ ದಿನ ಬೆಳಿಗ್ಗೆ ಹನ್ನೆರಡನ್ನೂ ಮೇಜಿನ ಮೇಲೆ ಸೀಳಿಟ್ಟೆ. ಬುಟ್ಟಿಯ ಪಕ್ಕದ ಆರರಲ್ಲಿ ಐದಕ್ಕೆ ಎಳ್ಳು ಚೆಲ್ಲಿತ್ತು. ಫ್ರಿಜ್ಜಿನ ಆರೂ ಹಾಲಿನಂತಿದ್ದವು.

ಸರಿಯಾದದ್ದು ಸಿಕ್ಕಿದಾಗ ಸಂತೋಷವಾಗುತ್ತದೆ ಎನ್ನುತ್ತಾರೆ. ನನಗೆ ಮಂಜುಗಡ್ಡೆಯ ನೀರಿನಿಂದ ಕೈ ತೆಗೆದ ಹಾಗಿತ್ತು, ಕೈ ಇದೆ ಎಂದು ಗೊತ್ತು, ಆದರೆ ನನ್ನದಲ್ಲ.

ಬುಟ್ಟಿಯನ್ನು ಸದ್ದಿಲ್ಲದೆ ಬೇರೆ ಕಡೆ ಇಟ್ಟುಬಿಡಬಹುದಿತ್ತು. ಚುಕ್ಕೆ ನಿಲ್ಲುತ್ತಿತ್ತು, ಅಕ್ಕನನ್ನು ತೆಗೆದದ್ದರಿಂದ ಸರಿಹೋಯಿತು ಎಂದು ಎಲ್ಲರೂ ತಿಳಿಯುತ್ತಿದ್ದರು. ಇದು ನನ್ನ ತಲೆಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಇಡೀ ಮಧ್ಯಾಹ್ನ ಅದರ ಮುಂದೆಯೇ ಕೂತಿದ್ದೆ. ಆಮೇಲೆ ಹನ್ನೆರಡು ಉಂಡೆಗಳನ್ನೂ ಎರಡು ತಟ್ಟೆಯಲ್ಲಿ ಜೋಡಿಸಿಕೊಂಡು ಬಂಗಲೆಯ ಜಗಲಿಗೆ ಹೋದೆ. ತಾಯಿ ಮಗ ಇಬ್ಬರೂ ಇದ್ದರು.

"ಮೆಟ್ಟುಗತ್ತಿಯ ತಪ್ಪಲ್ಲ ಸರ್. ಹಣ್ಣಿನದ್ದು. ಇಟ್ಟವನು ನಾನು. ಅವಳು ದನಕ್ಕೆ ಮಾತ್ರ ಆ ಕತ್ತಿ ಬಳಸ್ತಿದ್ದದ್ದು ನಂಗೆ ಗೊತ್ತಿತ್ತು. ಆವತ್ತು ಹೇಳಲಿಲ್ಲ."

ಸಾಹುಕಾರರು ಎರಡೂ ತಟ್ಟೆಗಳಿಂದ ಒಂದೊಂದು ಎಲೆ ಎತ್ತಿ ಬೆಳಕಿಗೆ ಹಿಡಿದರು. ಮೊದಲು ಮಾತಾಡಿದ್ದು ದೊಡ್ಡಮ್ಮನವರು.

"ಅಲ್ಲ ಮಾರಾಯಾ, ಇಷ್ಟಕ್ಕೆ ನಂಗೊಂದು ಮಾತು ಹೇಳ್ಬಾರ್ದಿತ್ತಾ? ಅಟ್ಟದ ಮೇಲೆ ಇಡಿಸ್ತಿದ್ದೆ." ಹಾಗಂದು ಎದ್ದು ಒಳಗೆ ಹೋದರು. ಒಳಗಿನಿಂದ ಇನ್ನೊಂದು ಮಾತು ಬಂತು: "ಆ ಹೆಂಗಸು ಊಟಕ್ಕೆ ಏನ್ ಮಾಡ್ತಿದಾಳೋ, ವಿಚಾರಿಸಿದ್ರಾ ಯಾರಾದ್ರೂ?"

"ಕರ್ಕೊಂಡು ಬನ್ನಿ ಅವಳನ್ನ" ಎಂದರು ಸಾಹುಕಾರರು, ನನ್ನ ಕಡೆ ನೋಡದೆ.

ಮರುದಿನ ಕೊಟ್ಟಿಗೆಹಾರಕ್ಕೆ ಹೋದೆ. ಬಸ್ಸು ನಿಲ್ಲುವಲ್ಲಿನ ಸಣ್ಣ ಹೋಟೆಲೊಂದರ ಹಿತ್ತಲಲ್ಲಿ ಅಕ್ಕ ಮಣೆ ಮೆಟ್ಟಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಏನ್ ರೈಟ್ರೇ, ಬಸ್ ತಪ್ಪೋಯ್ತಾ?"

ನಿಂತುಕೊಂಡೇ ಎಲ್ಲ ಹೇಳಿದೆ. ದಂಟು, ಚುಕ್ಕೆ, ಬುಟ್ಟಿ, ಫ್ರಿಜ್ಜು. ಅವಳು ಒಂದು ಈರುಳ್ಳಿ ಮುಗಿಸಿ ಇನ್ನೊಂದು ತೆಗೆದುಕೊಂಡಳು.

"ನನ್ ಕತ್ತಿ ಅಲ್ಲ ಅಂತ ನಂಗೆ ಆವತ್ತೇ ಗೊತ್ತಿತ್ತಲ್ಲ. ನಿಮ್ಗೂ ಗೊತ್ತಿತ್ತು."

"ಹೂಂ."

"ಮತ್ತೆ ಅದನ್ನ ಇಲ್ಲಿ ಬಂದು ಈರುಳ್ಳಿಗೆ ಹೇಳಿದ್ರೆ ಏನ್ ಬಂತು? ಕಳಿಸಿದ್ದು ಅಷ್ಟು ಜನರ ಮುಂದೆ. ಹೇಳೋದಿದ್ರೆ ಅಲ್ಲೇ ಹೇಳಿ."

"ಹಾಗಾದ್ರೆ ಬರ್ತೀಯಾ?"

"ಕೇಳೋಕೆ ಬರ್ತೀನಿ."

ಗುರುವಾರ ಬೆಳಗಿನ ಬಸ್ಸಿಗೆ ಬಂದಳು. ಒಗೆದ ಸೀರೆ ಉಟ್ಟಿದ್ದಳು. ಮೇಜಿನ ತುದಿಯಲ್ಲಿ, ತಾನು ಆವತ್ತು ಏಪ್ರನ್ ಬಿಚ್ಚಿದ ಜಾಗದಲ್ಲೇ ನಿಂತಳು. ಏಳು ಜನ ಹೆಂಗಸರು ಚಾಕು ಕೆಳಗಿಟ್ಟರು. ಸಾಹುಕಾರರೂ ಬಂದರು, ಬಾಗಿಲ ಬಳಿ ನಿಂತು ಉಷ್ಣಮಾಪಕವನ್ನೇ ನೋಡುತ್ತಿದ್ದರು.

ನಾನು ಹೇಳಿದೆ. ಚುಕ್ಕೆ ಬಂದದ್ದು ಕೋಣೆಯಲ್ಲಿ ಹಣ್ಣು ಇಟ್ಟದ್ದರಿಂದ. ಇಟ್ಟವನು ನಾನು. ಅಕ್ಕ ಒಳ್ಳೆಯ ಸೊಪ್ಪಿಗೆ ಮೆಟ್ಟುಗತ್ತಿ ಮುಟ್ಟಿಸಿರಲಿಲ್ಲ, ಅದನ್ನು ನಾನು ದಿನಾ ಕಣ್ಣಾರೆ ನೋಡಿದ್ದೆ, ಕೇಳಿದಾಗ ಸುಮ್ಮನಿದ್ದೆ. ಮಾತುಗಾರನೆನಿಸಿಕೊಂಡವನು ನಾಲ್ಕು ವಾಕ್ಯ ಆಡುವಷ್ಟರಲ್ಲಿ ಎರಡು ಸಲ ನಿಂತೆ.

"ನಾವೆಲ್ಲ ಆಗ್ಲೇ ಅಂದ್ಕೊಂಡಿದ್ವಿ ಅಕ್ಕ" ಎಂದಳು ಒಬ್ಬಳು.

"ಅಂದ್ಕೊಂಡಿದ್ದೆಯಲ್ಲ, ಬಾಯಿ ಎಲ್ಲಿ ಇಟ್ಟಿದ್ದೆ? ನೀರುಕೋಸಿನ ಜೊತೆ ಮೆಷಿನ್ನಿಗೆ ಹಾಕಿದ್ಯಾ?" ಎಂದಳು ಅಕ್ಕ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಆಡಿದವಳ ಚಾಕು ತೆಗೆದುಕೊಂಡು ಹೆಬ್ಬೆರಳಿನ ಉಗುರಿನ ಮೇಲೆ ಎಳೆದು ನೋಡಿದಳು. "ಏನಿದು? ಇದ್ರಲ್ಲಿ ಬೆಣ್ಣೆ ಕೊಯ್ದ್ರೂ ಜಜ್ಜುತ್ತೆ."

ಎಂಟೂ ಚಾಕು ಮಸೆದಳು. ಏಪ್ರನ್ ಕಟ್ಟದೆ, ಸೆರಗು ಸಿಕ್ಕಿಸಿಕೊಂಡು, ಅಂದಿನ ಸರಕಿನಲ್ಲಿ ತನ್ನ ಪಾಲಿನಷ್ಟನ್ನು ಹೆಚ್ಚಿದಳು. ತೊಳೆದಳು, ತೊಟ್ಟಿಯ ಸದ್ದು ಕೇಳಿ ನಿಲ್ಲಿಸಿದಳು, ಚೀಲ ತುಂಬಿದಳು. ಮೂರು ಗಂಟೆಯಾದಾಗ ಚಾಕು ಒರೆಸಿಟ್ಟು, ಮೇಜಿನ ಕೆಳಗಿನ ತನ್ನ ಮೆಟ್ಟುಗತ್ತಿಯನ್ನು ಹಳೆಯ ಗೋಣಿಯಲ್ಲಿ ಸುತ್ತಿಕೊಂಡಳು.

"ನಾಳೆ ಎಷ್ಟು ಹೊತ್ತಿಗೆ ಬರ್ತೀಯ ಅಕ್ಕ?" ಎಂದೆ.

"ಬರಲ್ಲ ರೈಟ್ರೇ." ದನಿಯಲ್ಲಿ ಸಿಟ್ಟಿರಲಿಲ್ಲ. "ಕೇಳಿದೆ, ಆಯ್ತು. ಅಲ್ಲಿ ಹೋಟ್ಲಿನವರು ನಂಬ್ಕೊಂಡಿದಾರೆ. ಇದನ್ನ ತಗೊಂಡು ಹೋಗೋಣ ಅಂತಾನೂ ಬಂದೆ." ಗೋಣಿಯ ಕಟ್ಟನ್ನು ಕಂಕುಳಿಗೆ ಸೇರಿಸಿಕೊಂಡು ರಸ್ತೆಯ ಕಡೆ ನಡೆದಳು. ಸಾಹುಕಾರರು ಜೀಪಿನಲ್ಲಿ ಬಿಡಿಸುತ್ತೇನೆ ಎಂದರು. ಬಸ್ಸಿದೆ ಎಂದಳು.

ಅವಳು ಹೆಚ್ಚಿದ ಚೀಲಗಳೂ ಉಳಿದವುಗಳ ಜೊತೆ ಘಾಟಿ ಇಳಿದವು. ಬೆಣ್ಣೆಹಣ್ಣಿನ ಬುಟ್ಟಿ ಆ ಸಲ ಮುಂದಿನ ಸೀಟಿನಲ್ಲಿ, ಡ್ರೈವರನ ಪಕ್ಕ ಕೂತು ಹೋಯಿತು. ಮುಂದಿನ ಮಂಗಳವಾರ ಶೆಫ್ ಫೋನ್ ಮಾಡಿದರು.

"ಈಗ ಸರಿ ಆಯ್ತು ನೋಡಿ! ಐದು ದಿನ ಆದ್ರೂ ಈಗ ಕೊಯ್ದ ಹಾಗೆ ಉಂಟು. ಇನ್ನು ತೊಂದರೆ ಇಲ್ಲ, ಕಳಿಸ್ತಾ ಇರಿ."

ಯಾರು ಹೆಚ್ಚಿದ್ದು ಎಂದು ಅವರು ಕೇಳಲಿಲ್ಲ. ನಾನೇ ಹೇಳಿದೆ, ಅವಳ ಹೆಸರನ್ನು ಪೂರ್ತಿಯಾಗಿ, ತಂದೆಯ ಊರಿನ ಹೆಸರು ಸಮೇತ, ಹಾಜರಿ ಪುಸ್ತಕದಲ್ಲಿ ಇದ್ದ ಹಾಗೆ. ಆಚೆಯಿಂದ ಪಾತ್ರೆಗಳ ಸದ್ದು ಬರುತ್ತಿತ್ತು. ಅವರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ, "ಓಕೆ ಓಕೆ" ಎಂದು ಫೋನ್ ಇಟ್ಟರು.